ಗೊಣಗುವವನ ಉದಾಹರಣೆ

ಒಮಾನಿನ ಸೂರ್ ಪಟ್ಟಣದಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿರುವುದು ಮಂಗಳೂರು ಕಡೆಯ ತುಳು ಕುಟುಂಬ. ಆ ಮನೆಯ ಯಜಮಾನರಿಗೂ ನನಗೂ ಒಂದೇ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಒಂದೇ ಕಾರಿನಲ್ಲಿ ಓಡಾಟ. ಅವರು ಬಾಯಿ ತೆರೆದರೆ ಮುಚ್ಚುವುದು ಪ್ಲಾಂಟಿನ ಗೇಟಿನಲ್ಲೇ. ಅವರ ಬಿ.ಪಿ., ಭಾವನ ಸೈಟಿನ ತಕರಾರು, ಪೇಟೆಯಲ್ಲಿ ಕಂಡ ಅಂಜಲ್ ಮೀನು ಎಲ್ಲವೂ ನನಗೆ ಬಾಯಿಪಾಠ.

ಒಂದು ಶುಕ್ರವಾರ ಮಧ್ಯಾಹ್ನ, ಹತ್ತನೇ ತರಗತಿಯ ಮಗಳು ಶಾಲೆಯ ಪ್ರಾಜೆಕ್ಟ್ ಹಿಡಿದೇ ಊಟಕ್ಕೆ ಬಂದಳು. ಪ್ರಾಚೀನ ಗ್ರೀಕರು ದಿನನಿತ್ಯ ಕಾಣುವ ಜನರನ್ನೇ ಗಮನಿಸಿ ಹೊಗಳುಭಟ್ಟ, ಜಿಪುಣ, ಹರಟೆಮಲ್ಲ, ಗೊಣಗುವವ ಎಂದೆಲ್ಲ ವಿಂಗಡಿಸಿದ್ದರಂತೆ. ಒಂದೊಂದಕ್ಕೂ ತನಗೆ ಗೊತ್ತಿರುವವರ ಉದಾಹರಣೆ ಬರೆಯಬೇಕಿತ್ತು. ಜನರಿಗೆ ಹಣೆಪಟ್ಟಿ ಅಂಟಿಸುವುದರಲ್ಲಿ ನಾನು ಯಾವ ಗ್ರೀಕನಿಗೂ ಕಡಿಮೆಯಿಲ್ಲ.

"ಹರಟೆಮಲ್ಲ ಅಂದ್ರೆ ಕೆಳಗಿನ ಮನೆ ಅಂಕಲ್, ಬರ್ಕೋ. ಗೊಣಗೋನು ಯಾರು?" ಎಂದೆ.

ಅವಳು ಪುಸ್ತಕವನ್ನು ನನ್ನತ್ತ ತಿರುಗಿಸಿದಳು. ‘ನನ್ನ ತಂದೆ. ಅಜ್ಜಿ ಕಳಿಸಿದ ಕೊಡುಬಳೆ ಮುರಿದಿದ್ದಕ್ಕೆ, ತಂದುಕೊಟ್ಟವರನ್ನೇ ಬೈದರು’ ಎಂದಿತ್ತು.

ಸುಳ್ಳಲ್ಲ. ಇಲ್ಲಿ ಯಾರು ರಜೆಗೆ ಹೋದರೂ ಬರುವಾಗ ಉಳಿದವರ ಊರಿನ ಪೊಟ್ಟಣಗಳನ್ನೂ ತರುವುದು ರೂಢಿ. ಅಮ್ಮ ಮೈಸೂರಿನಿಂದ ಬಸ್ಸಿಗೆ ಹಾಕಿದ್ದ ಕೊಡುಬಳೆಯನ್ನು ಕಳೆದ ರಜೆಯಲ್ಲಿ ಕೆಳಗಿನ ಮನೆಯವರೇ ಮಂಗಳೂರಿನಲ್ಲಿ ಇಳಿಸಿಕೊಂಡು ತಂದಿದ್ದರು. ನಾನು ಬಾಗಿಲಲ್ಲೇ ಬಿಚ್ಚಿ, "ಎಲ್ಲಾ ಪುಡಿ ಮಾಡ್ಕೊಂಡು ತಂದಿದ್ದೀರಲ್ಲ!" ಅಂದಿದ್ದೆ.

"ಅಪ್ಪ, ಅವ್ರ ಬ್ಯಾಗ್ ಓವರ್‌ವೆಯ್ಟ್ ಆಗಿತ್ತು, ಯು ನೋ?" ಎಂದಳು ಮಗಳು. "ಏರ್‌ಪೋರ್ಟಲ್ಲಿ ತಮ್ಮ ಕುಚ್ಚಲಕ್ಕಿ ಎಲ್ಲಾ ತೆಗೆದು ಮನೆಗೆ ವಾಪಸ್ ಕಳಿಸಿದ್ರಂತೆ. ನಮ್ಮ ಪ್ಯಾಕೆಟ್ ಮಾತ್ರ ಮುಟ್ಲಿಲ್ಲ. ಆಂಟಿ ಹೇಳಿದ್ರು."

ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು ಲೋಕದ ಸುದ್ದಿಯನ್ನೆಲ್ಲ ಹೇಳಿದ ಮನುಷ್ಯ ಇದೊಂದನ್ನು ಹೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಬರೆದದ್ದನ್ನು ಅಳಿಸು ಎಂದು ಮಗಳಿಗೆ ಹೇಳುವ ಮುಖವೂ ಇರಲಿಲ್ಲ.

ಭಾನುವಾರ ಕಾರು ಹತ್ತಿದವನೇ, "ಅಕ್ಕಿ ವಿಷಯ ಗೊತ್ತಾಯ್ತು. ಅವತ್ತು ನಾನು ಹಾಗನ್ನಬಾರದಿತ್ತು, ತಪ್ಪಾಯ್ತು," ಎಂದೆ.

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಅದೆಲ್ಲ ಎಂತಕ್ಕೆ ಮಾರಾಯ್ರೆ? ಅಕ್ಕಿ ಇಲ್ಲಿಯೂ ಸಿಗ್ತದೆ. ಅಮ್ಮ ಮಾಡಿದ್ದು ಸಿಗ್ತದಾ?"

ಅಷ್ಟೇ ಹೇಳಿ ಸುಮ್ಮನಾದರು. ಸಮುದ್ರದ ಪಕ್ಕದ ಆ ದಾರಿಯಲ್ಲಿ ಅಷ್ಟು ಹೊತ್ತು ಅವರು ಮಾತಿಲ್ಲದೆ ಕೂತದ್ದನ್ನು ನಾನು ಕಂಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಭಾವನ ಸೈಟು ಏನಾಯ್ತು?" ಎಂದು ಮೊದಲ ಸಲ ನಾನೇ ಕೇಳಿದೆ.