ಜಿಂಕೆಯ ಕತ್ತು

ರಜೆ ಶುರುವಾಗುವ ಹೊತ್ತಿಗೆ ಊರಿನ ಪಾರ್ಕಿಗೆ ಪ್ರಾಣಿಗಳು ಬರುತ್ತಿದ್ದವು. ಒಳಗೆ ತಂತಿಯ ಹಂದರ, ಮೇಲೆ ಒಣಹುಲ್ಲಿನ ಮೈ. ಕೊಳದ ದಡಕ್ಕೆ ಕರಡಿ, ಗುಲಾಬಿ ಪಾತಿಯ ಪಕ್ಕ ಮೊಲಗಳು, ಗೇಟಿನ ಹತ್ತಿರ ಆನೆ. ಹಂದರ ಕಟ್ಟುವವನನ್ನು ಊರು ತಂತಿಯಣ್ಣ ಎಂದು ಕರೆಯಿತು. ಹುಲ್ಲು ಹೊದಿಸುವ ಅವನ ಹೆಂಡತಿ ಕೇಳದೆಯೇ ತಂತಿಯಕ್ಕ ಆದಳು.

ಹೊಸದರಲ್ಲಿ ಅವಳಿಗೆ ಆ ಹೆಸರು ಹಿಡಿಸಿರಲಿಲ್ಲ. ಹುಲ್ಲು ಹೊತ್ತು ಕುತ್ತಿಗೆ ತುರಿಸಿಕೊಳ್ಳುವವಳು ನಾನು, ಹೆಸರು ಮಾತ್ರ ನಿಮ್ಮದು ಎಂದು ಗಂಡನನ್ನು ಚುಚ್ಚುತ್ತಿದ್ದಳು. ಹೊರಗೆ ಕಾಣುವುದೆಲ್ಲ ನಿನ್ನದೇ, ಹೆಸರಾದರೂ ನನಗಿರಲಿ ಎಂದು ಅವನು ನಗುತ್ತಿದ್ದ.

ಅವನು ಎಡಚ. ಅವನು ಹೊಸೆದ ತಂತಿ ಎಲ್ಲರ ತಂತಿಗಿಂತ ಉಲ್ಟಾ ಸುತ್ತುತ್ತಿತ್ತು. ಒಮ್ಮೆ ಅವಳು ನೆರವಾಗಲು ಹೋಗಿ ಕರಡಿಯ ಕಾಲಿಗೆ ಗಂಟು ಹಾಕಿದ್ದಳು. ಬಿಗಿ ಮಾಡೋಣವೆಂದು ಅವನು ತಿರುಗಿಸಿದರೆ ಗಂಟು ಬಿಚ್ಚಿಕೊಂಡು ಕರಡಿ ಮಂಡಿಯೂರಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅಲ್ಲಿಂದಾಚೆಗೆ ಅವಳು ತಂತಿ ಮುಟ್ಟಲಿಲ್ಲ.

ಈ ವರ್ಷದ ಮಳೆಗಾಲದಲ್ಲಿ ಅವನ ಎಡಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಕಾಲು ಬೇಗ ಸುಧಾರಿಸಿತು, ಕೈ ಪೂರ್ತಿ ಬರಲಿಲ್ಲ. ಲೋಟ ಹಿಡಿದರೆ ಚಹಾ ತುಳುಕುತ್ತಿತ್ತು. ಹಳೆಯ ಹಂದರಗಳೇ ಸಾಕು, ಹೊಸದೇನೂ ಬೇಡ ಎಂದು ಪಾರ್ಕಿನ ಮೇಲ್ವಿಚಾರಕರು ಹೇಳಿಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು, ಆದರೆ ಅವನಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಹಿಂದಿರುಗಿ ನೋಡುವ ಜಿಂಕೆಯನ್ನು ಮಾಡುತ್ತೇನೆಂದು ಹಟ ಹಿಡಿದ. ತಿರುಗಿದ ಕತ್ತು ಕಟ್ಟುವುದೆಂದರೆ ಈ ಕೆಲಸದಲ್ಲಿ ಕಡುಕಷ್ಟ.

ದಿನಗಟ್ಟಲೆ ಮನೆಯಲ್ಲೇ ಕೂತು, ತುಟಿ ಕಚ್ಚಿಕೊಂಡು ಕಟ್ಟಿದ. ಕಟ್ಟಿ ಮುಗಿಸಿ, ಇನ್ನು ಹುಲ್ಲು ಹೊದಿಸು ಎಂದು ಹೇಳಿ ಕೈಯ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋದ. ಅವಳು ಮೊದಲ ಹಿಡಿ ಹುಲ್ಲು ಇಟ್ಟದ್ದೇ ತಡ, ಕತ್ತು ಮೆಲ್ಲಗೆ ವಾಲಿತು. ಗಂಟುಗಳೆಲ್ಲ ಸಡಿಲ. ಹುಲ್ಲಿನ ಭಾರಕ್ಕೇ ಹೀಗಾದರೆ ಮಕ್ಕಳು ಬಂದು ಜಗ್ಗಿದಾಗ ಎಲ್ಲರೆದುರು ಮುರಿದು ಬೀಳುವುದು ಖಂಡಿತ. ಅವನಿಗೆ ಹೇಳಬೇಕು, ಹೇಗೆ ಹೇಳುವುದು? ಬಾಗಿಲು ಮುಂದೆ ಮಾಡಿ, ಅವನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ತನ್ನ ಕೈಯಲ್ಲಿ ಹೊಸೆದಳು. ಅವನು ಬರುವಷ್ಟರಲ್ಲಿ ಕತ್ತಿಗೆ ದಪ್ಪಗೆ ಹುಲ್ಲು ಹೊದಿಸಿಬಿಟ್ಟಿದ್ದಳು.

ರಜೆಯುದ್ದಕ್ಕೂ ಜಿಂಕೆಯ ಸುತ್ತ ಜನ. ಮಕ್ಕಳು ಅದರ ಕತ್ತು ತಬ್ಬಿ ಫೋಟೋ ತೆಗೆಸಿಕೊಂಡರು. ತಂತಿಯಣ್ಣ ಇಸ್ತ್ರಿ ಅಂಗಿ ತೊಟ್ಟು ದಿನಾ ಪಾರ್ಕಿಗೆ ಹೋಗಿ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದ. ಕೈ ಹೋಯಿತು ಅಂದವರೆಲ್ಲ ಬಂದು ನೋಡಲಿ ಎಂದು ಅಪರಿಚಿತರಿಗೂ ಹೇಳುತ್ತಿದ್ದ. ಅವಳು ಪಕ್ಕದಲ್ಲಿ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳಂತೆ ಕೂತಿರುತ್ತಿದ್ದಳು.

ರಜೆ ಮುಗಿದ ಮೇಲೆ ಹುಲ್ಲು ಕಿತ್ತು ಪಾತಿಗಳಿಗೆ ಹಾಸುವುದು, ಕತ್ತು ಕೊಂಬು ಬೇರೆ ಮಾಡಿ ಹಂದರಗಳನ್ನು ಸಾಮಾನಿನ ಕೋಣೆಯಲ್ಲಿಡುವುದು ವಾಡಿಕೆ. ಜಿಂಕೆಯನ್ನು ತಾನೇ ಬಿಚ್ಚಬೇಕೆಂದು ಅವಳು ಬೆಳಿಗ್ಗೆಯೇ ಎಣಿಕೆ ಹಾಕಿದ್ದಳು. ಆನೆಯ ಕಡೆ ಅವನನ್ನು ಸಾಗಹಾಕಿಯೂ ಆಗಿತ್ತು. ಅಷ್ಟರಲ್ಲಿ ಮೇಲ್ವಿಚಾರಕರು ಬಂದು ಅವನ ಬೆನ್ನು ತಟ್ಟಿ, ಇಷ್ಟು ವರ್ಷದಲ್ಲಿ ಇಂಥ ಕತ್ತು ನೋಡಿಲ್ಲ ಎಂದರು. ಅವನು ಹಿಗ್ಗಿ, ಅವರನ್ನು ಕರೆದುಕೊಂಡು ನೇರ ಜಿಂಕೆಯ ಬಳಿಗೇ ಬಂದ. ತಾನೇ ಹುಲ್ಲು ಕಿತ್ತ. ಕಟಿಂಗ್ ಪ್ಲೇಯರ್ ಹಿಡಿದು ಗಂಟು ಬಿಚ್ಚಲು ತಿರುಗಿಸಿದ.

ಗಂಟು ಬಿಗಿಯಾಯಿತು.

ಇನ್ನೊಂದನ್ನು ತಿರುಗಿಸಿದ. ಅದೂ ಬಿಗಿಯಾಯಿತು. ಬಲಗೈಯ ಹೆಬ್ಬೆರಳಿನಿಂದ ಕತ್ತಿನುದ್ದಕ್ಕೂ ಸವರುತ್ತಾ ಹೋದ. ಅವಳು ಹುಲ್ಲಿನ ಕಂತೆ ಹಿಡಿದು ನಿಂತಲ್ಲೇ ನಿಂತಳು.

"ಪೂರ್ತಿ ನೀನೇ ಕಟ್ಟಿದ್ದಾ?" ಎಂದ, ಅವಳಿಗಷ್ಟೇ ಕೇಳುವಂತೆ.

"ಕತ್ತು ಮಾತ್ರ ರೀ. ಮಿಕ್ಕಿದ್ದೆಲ್ಲ ನಿಮ್ದೇ."

"ಚೆನ್ನಾಗಿ ಕಟ್ಟಿದ್ದೀಯ."

ಅವನು ಪ್ಲೇಯರನ್ನು ಅವಳ ಕೈಗಿತ್ತು ಬೆಂಚಿನ ಮೇಲೆ ಹೋಗಿ ಕೂತ. ಏನೂ ಅರಿಯದ ಮೇಲ್ವಿಚಾರಕರು ಪಕ್ಕದಲ್ಲಿ ಕೂತು, ಮುಂದಿನ ವರ್ಷಕ್ಕೆ ಒಂದು ಜಿರಾಫೆ ಆಗಬಹುದಾ ಎಂದು ಕೇಳಿದರು.

"ಅವಳನ್ನ ಕೇಳಿ ಸಾರ್. ಅವಳು ಮಾಡ್ತಾಳೆ."

ಆ ದನಿಯಲ್ಲಿ ಕೋಪವಿದೆಯೇ ಎಂದು ಅವಳು ಕಿವಿಗೊಟ್ಟು ಹುಡುಕಿದಳು. ಎಳ್ಳಷ್ಟು ಸಿಟ್ಟಿದ್ದರೂ ಮನೆಗೆ ಹೋಗಿ ಜಗಳವಾಡಿ, ಅತ್ತು, ಸರಿಮಾಡಿಕೊಳ್ಳಬಹುದಿತ್ತು. ಇರಲಿಲ್ಲ. ಜಿರಾಫೆ ಆಗುತ್ತದೋ ಇಲ್ಲವೋ ಎಂದು ಮೇಲ್ವಿಚಾರಕರು ಅವಳ ಮುಖ ನೋಡುತ್ತಿದ್ದರು.