ಒರಿಯೆತ್ತಾ ಗೂಡಿಗೆ ಬೀಗ ಹಾಕಿದ ಸೋಮವಾರ

ಇಟಲಿಯ ಗುಡ್ಡದ ಮೇಲಿನ ಆ ಕಾಲೇಜಿಗೆ ಮುಖ್ಯಸ್ಥರು ಬಂದರು, ಹೋದರು; ಆಳಿದವಳು ಮಾತ್ರ ಬಾಗಿಲು ಕಾಯುವ ಒರಿಯೆತ್ತಾ. ಮೂವತ್ತೊಂದು ವರ್ಷಗಳಿಂದ ಗಾಜಿನ ಗೂಡಿನಲ್ಲಿ ಸಿಂಹಾಸನಾರೂಢಳು. ಎಂಥ ಪ್ರೊಫೆಸರಾದರೂ ಕೊಠಡಿಯ ಕೀಲಿಗೆ ಅವಳೆದುರು ಕೈಯೊಡ್ಡಿ ನಿಲ್ಲಬೇಕು. ನಿನ್ನೆಯದನ್ನು ಮರಳಿಸಿರದಿದ್ದರೆ ಪ್ರವಚನವನ್ನೂ ಕೇಳಬೇಕು.

ಕಳೆದ ಚಳಿಗಾಲ ಕಾಲೇಜಿನ ಮನಶ್ಶಾಸ್ತ್ರಜ್ಞೆ ಡಾಕ್ಟರ್ ಸಾಂತಿನಿ ಸಿಬ್ಬಂದಿಗೆಲ್ಲ ಎರಡು ಮಧ್ಯಾಹ್ನ ತರಬೇತಿ ಕೊಟ್ಟಿದ್ದಳು. ಮಕ್ಕಳ ನಡವಳಿಕೆ ಬದಲಾದರೆ ಗಮನಿಸಿ, ಸುತ್ತಿಬಳಸದೆ ಕೇಳಿ, ಒಂಟಿಯಾಗಿ ಬಿಡದೆ ನನ್ನ ಹತ್ತಿರ ಕರೆತನ್ನಿ, ಉಪದೇಶ ಮಾತ್ರ ಬೇಡ ಎಂದಿದ್ದಳು. ತಾನು ಹೋದದ್ದು ಬಿಸ್ಕತ್ತಿಗೆ ಎಂದು ಒರಿಯೆತ್ತಾ ಊರಿಗೆಲ್ಲ ಸಾರಿದ್ದಳು.

ಜುಲೈನ ಒಂದು ಸೋಮವಾರ ಡೇಲಿಯಾ ಎಂಬ ವಿದ್ಯಾರ್ಥಿನಿ ಬೆಳಗಿನಿಂದ ಮೂರನೆಯ ಸಲ ಗೂಡಿನ ಮುಂದೆ ಬಂದಳು. ಗುರುವಾರ ಪದವಿ ಪಡೆಯುವವರ ಪಟ್ಟಿಯನ್ನು ಬಾಗಿಲಿಗೆ ಯಾವಾಗ ಅಂಟಿಸುತ್ತೀರಿ, ಅಂಟಿಸಲೇಬೇಕೇ, ಮನೆಯವರು ಅದನ್ನು ಓದುತ್ತಾರೆಯೇ ಎಂದು ವಿಚಾರಿಸಿದಳು. ಪಟ್ಟಿ ಒರಿಯೆತ್ತಾಳ ಮೇಜಿನ ಮೇಲೇ ಇತ್ತು. ಹತ್ತೊಂಬತ್ತು ಹೆಸರು, ಡೇಲಿಯಾಳದು ಇರಲಿಲ್ಲ. ನಾಲಿಗೆಯ ತುದಿಗೆ ಬಂದಿದ್ದ ಒಂದು ಭರ್ಜರಿ ಕೊಂಕನ್ನು ಒರಿಯೆತ್ತಾ ಕಷ್ಟಪಟ್ಟು ನುಂಗಿಕೊಂಡು, ಹುಡುಗಿಯನ್ನು ಒಳಗೆ ಕರೆದು, ಮುಖ್ಯಸ್ಥರನ್ನೂ ಕೂರಿಸದ ತನ್ನ ಕುರ್ಚಿಯಲ್ಲಿ ಕೂರಿಸಿದಳು.

ಕತೆ ತುಣುಕು ತುಣುಕಾಗಿ ಹೊರಬಂತು. ಎರಡು ವರ್ಷದಿಂದ ಡೇಲಿಯಾ ಒಂದೂ ಪರೀಕ್ಷೆ ಪಾಸು ಮಾಡಿರಲಿಲ್ಲ. ಮನೆಗೆ ಮಾತ್ರ ಪ್ರತಿ ಸಲ ಒಳ್ಳೆಯ ಅಂಕ ಹೇಳುತ್ತ ಬಂದಿದ್ದಳು. ಹೇಳಲು ಪರೀಕ್ಷೆಗಳೇ ಮುಗಿದುಹೋದಾಗ ಪದವಿಯ ದಿನವನ್ನೂ ಹೇಳಿಬಿಟ್ಟಳು. ಕಡಲ ತೀರದಲ್ಲಿ ಮೀನು ಮಾರುವ ಅಪ್ಪ ಅವಳ ತಲೆಗೆ, ಅಲ್ಲಿ ಪದವಿ ಪಡೆದವರು ತೊಡುವ ಲಾರೆಲ್ ಎಲೆಯ ಕಿರೀಟಕ್ಕೆ ಹೇಳಿಟ್ಟಿದ್ದ. ಅತ್ತೆಯಂದಿರು ಹೊಸ ಚಪ್ಪಲಿ ಕೊಂಡಿದ್ದರು.

"ಗುರುವಾರ ಏನ್ ಮಾಡ್ಬೇಕು ಅಂತಿದ್ದೆ, ಮಗಳೇ?"

"ಗುರುವಾರ ನಾನಿರಲ್ಲ."

"ಇರಲ್ಲ ಅಂದ್ರೆ? ಸಾಯೋ ಯೋಚ್ನೆ ಮಾಡಿದ್ದೀಯಾ?"

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಡೇಲಿಯಾ ಹೌದೆಂದು ತಲೆಯಾಡಿಸಿದಳು.

"ನಿಜ ಹೇಳ್ದೆಯಲ್ಲ, ಒಳ್ಳೇದಾಯ್ತು. ಏಳು, ಡಾಕ್ಟರ್ ಹತ್ರ ಇಬ್ರೂ ಹೋಗೋಣ. ನಾನ್ ಜೊತೇಲೇ ಇರ್ತೀನಿ."

ಕೆಲಸದ ಹೊತ್ತಿನಲ್ಲಿ ಗೂಡಿಗೆ ಬೀಗ ಬಿದ್ದದ್ದು ಆ ಸಾಮ್ರಾಜ್ಯದ ಚರಿತ್ರೆಯಲ್ಲೇ ಮೊದಲು. ಎಲ್ಲ ಕೊಠಡಿಗಳ ಕೀಲಿಯೂ ಒಳಗೇ ಉಳಿಯಿತು. ಕಾನೂನಿನ ಪ್ರೊಫೆಸರ್ ಬಾರ್ತೊಲಾತ್ಸಿ, ಹಿಂದೆ ಮೂವತ್ತು ವಿದ್ಯಾರ್ಥಿಗಳೊಂದಿಗೆ, ತನಗೆ ಪರೀಕ್ಷೆಯಿದೆ ಎಂದು ಅಡ್ಡ ಬಂದ.

"ಹಾಗಾದ್ರೆ ಕೂತ್ಕೊಂಡು ಓದ್ಕೊಳಿ, ಪ್ರೊಫೆಸರ್," ಎಂದು ಒರಿಯೆತ್ತಾ ನಡೆದೇಬಿಟ್ಟಳು.

ಡಾಕ್ಟರ್ ಒಂದು ಗಂಟೆ ಮಾತಾಡಿಸಿದಳು. ಆಮೇಲೆ ಡೇಲಿಯಾ ತಾನೇ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ನಾಲ್ಕು ಗಂಟೆಗೆ ಅಪ್ಪ ರಬ್ಬರ್ ಬೂಟಿನಲ್ಲೇ ಬಂದಿಳಿದ. ಎಷ್ಟು ಪರೀಕ್ಷೆ ಬಾಕಿ, ಈಗಲೇ ಗೊತ್ತಾಗಬೇಕು ಎಂದು ಡಾಕ್ಟರ ಕೋಣೆಗೆ ನುಗ್ಗಹೋದ. ಬಾಗಿಲಿಗೆ ಅಡ್ಡ ನಿಲ್ಲುವುದು ಒರಿಯೆತ್ತಾಳಿಗೆ ಹುಟ್ಟಿನಿಂದಲೇ ಬಂದ ವಿದ್ಯೆ.

"ಅದನ್ನ ಸೆಪ್ಟೆಂಬರ್‌ನಲ್ಲೂ ಕೇಳ್ಬಹುದು. ಮಗಳು ಜೀವಂತ ಇದ್ದಾಳೆ, ಇವತ್ತಿಗೆ ಅಷ್ಟು ನೋಡಿ."

ಅವನ ಭುಜ ಇಳಿಯಿತು. "ಒಳಗ್ ಹೋಗಿ ಏನ್ ಹೇಳ್ಲಿ ತಾಯಿ?"

"ಏನೂ ಬೇಡ. ಪಕ್ಕದಲ್ಲಿ ಕೂತ್ಕೊಳಿ."

ಅವನು ಹೋಗಿ ಕೂತ. ಡಾಕ್ಟರ್ ಮರುದಿನದ ಭೇಟಿ ಗೊತ್ತುಮಾಡಿದಳು. ಅಪ್ಪ ಮಗಳು ಆರರ ಬಸ್ಸಿಗೆ ಒಟ್ಟಿಗೆ ಹೊರಟರು.