ಬೀದಿಗೆ ಮುಖ ಮಾಡಿದ ಪರದೆ

೨೦೨೩ರ ಬೇಸಿಗೆಯಲ್ಲಿ ನಾನು ಕೋಲ್ಕತ್ತದ ಗರಿಯಾಹಾಟ್‌ನ ಒಂದು ಪರದೆ ಅಂಗಡಿಯಲ್ಲಿ ‘ವಿಂಡೋ ಕನ್ಸಲ್ಟೆಂಟ್’ ಹುದ್ದೆಯಲ್ಲಿದ್ದೆ. ಹುದ್ದೆಯ ಹೆಸರು ಮಾಲೀಕರು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದು. ಕೆಲಸ ಮಾತ್ರ ಟೇಪು ಹಿಡಿದು ಸ್ಟೂಲು ಹತ್ತುವುದು. ಇಂಥ ಅನುಭವಗಳನ್ನು ನಿವೃತ್ತ ಎಂಜಿನಿಯರುಗಳೂ ಪೊಲೀಸ್ ಅಧಿಕಾರಿಗಳೂ ಬರೆಯುವುದು ವಾಡಿಕೆ. ನನಗೆ ನಿವೃತ್ತಿಯ ವಯಸ್ಸಾಗಿಲ್ಲ. ಮದುವೆಯ ವಯಸ್ಸೂ ಆಗಿಲ್ಲವೆಂದು ನಾನು, ಮೀರುತ್ತಿದೆಯೆಂದು ಅಮ್ಮ.

ಅಪ್ಪ ರೈಲ್ವೆಯಲ್ಲಿದ್ದರು. ಮನೆಯೊಳಗೆ ತುಮಕೂರಿನ ಕನ್ನಡ, ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಬಂಗಾಳಿ. ಮೂರು ಭಾಷೆಯಲ್ಲೂ ಬೈಸಿಕೊಂಡು ಬೆಳೆದವನಿಗೆ ಮೂರರಲ್ಲೂ ಮಿಮಿಕ್ರಿ ಬಂದೇ ಬರುತ್ತದೆ. ಅಪ್ಪ ನಿವೃತ್ತರಾಗಿ ಅಮ್ಮನೊಂದಿಗೆ ತುಮಕೂರಿಗೆ ಮರಳಿದ ಮೇಲೆ ನಾನು ಬಾರಾನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಉಳಿದುಕೊಂಡೆ. ಆ ಕೋಣೆಯ ಕಿಟಕಿಗೆ ಪರದೆಯಿರಲಿಲ್ಲ. ಕುಂಬಾರನ ಮನೆಯಲ್ಲಿ ಒಡಕು ಮಡಕೆಯಾದರೂ ಇರುತ್ತದೆ. ನನ್ನಲ್ಲಿ ಅದೂ ಇರಲಿಲ್ಲ. ದಿನಾ ಬೆಳಿಗ್ಗೆ ಬನಿಯನ್ನು, ಲುಂಗಿಯಲ್ಲಿ ಅದೇ ಕಿಟಕಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದೆ. ಈ ವಿಷಯ ನೆನಪಿರಲಿ.

ಪರದೆ ಆರಿಸುವುದೆಂದರೆ ಬಣ್ಣ ಆರಿಸುವುದು ಎಂದು ಜನ ತಿಳಿದಿದ್ದಾರೆ. ಬಣ್ಣ ಕೊನೆಯ ಮಾತು. ಬಿಸಿಲು ಯಾವ ಕಡೆಯಿಂದ, ಧೂಳು ಎಷ್ಟು, ಕಿಟಕಿಯ ಮುಂದೆ ಕೂರುವವರು ಯಾರು ಎಂದು ಮೊದಲು ಕೇಳಬೇಕು. ಇನ್ನೊಂದು ನಿಯಮವನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ: ಬಟ್ಟೆಯ ಹೂವಿನ ಮುಖ ಕೋಣೆಯ ಒಳಗೆ, ಲೈನಿಂಗ್ ಅಂದರೆ ಅಸ್ತರಿನ ಬೆನ್ನು ಬೀದಿಗೆ. ಮನೆಯಲ್ಲಿರುವವರು ಹೂವು ನೋಡಲಿ ಎಂಬುದು ಇದರ ತರ್ಕ.

ಏಪ್ರಿಲ್‌ನಲ್ಲಿ ಬಾಲಿಗಂಜ್‌ನ ಒಂದು ಹಳೆಯ ಮನೆಯಿಂದ ಕರೆ ಬಂತು. ಮಾಲೀಕರು ಘೋಷಾಲ್ ಬಾಬು, ನೆಲಮಹಡಿಯಲ್ಲಿ ವಾಸ. ಪರದೆ ಬೇಕಿದ್ದದ್ದು ಎರಡನೇ ಮಹಡಿಯ ಬಾಡಿಗೆ ಕೋಣೆಗೆ. ಕಬ್ಬಿಣದ ಸರಳು, ಹಸಿರು ಪಟ್ಟಿಯ ಮರದ ಬಾಗಿಲು ಇರುವ ಆಳೆತ್ತರದ ಕಿಟಕಿ, ಅದೂ ದಕ್ಷಿಣಕ್ಕೆ. ಕೋಲ್ಕತ್ತದಲ್ಲಿ ದಕ್ಷಿಣಕ್ಕೆ ತೆರೆದ ಕಿಟಕಿಯೆಂದರೆ ಮನೆಗೆ ಚಿನ್ನದ ಸರ ಹಾಕಿದಂತೆ. ಸಂಜೆಯ ಗಾಳಿ ಅಲ್ಲಿಂದಲೇ. ಅದಕ್ಕೆಂದೇ ಬಾಡಿಗೆಯೂ ಹೆಚ್ಚು.

ಅಳತೆ ತೆಗೆಯುವಾಗ ಟೇಪು ಸರ್ರನೆ ಸುತ್ತಿಕೊಂಡು ನನ್ನ ಬೆರಳಿಗೆ ಬಡಿಯಿತು. “ಅಯ್ಯೋ ನಿನ್ನಜ್ಜಿ!” ಎಂದೆ.

ಮೂಲೆಯಲ್ಲಿ ನಿಂತಿದ್ದ ಬಾಡಿಗೆದಾರ ಹುಡುಗಿ ಫಕ್ಕನೆ ನಕ್ಕಳು. “ಯಾವೂರ್ರೀ ನಿಮ್ದು?”

ಹೆಸರು ದಾಕ್ಷಾಯಣಿ, ಊರು ಧಾರವಾಡ, ಒಂದು ಕಂಪನಿಯಲ್ಲಿ ಉದ್ಯೋಗ. ಸಂಜೆ ಬಂದು ಆ ಕಿಟಕಿಯ ಪಕ್ಕ ಕಾಲು ಚಾಚಿ, ಚಹಾ ಹಿಡಿದು ಓದುವುದು ಅವರ ದಿನದ ಒಂದೇ ಸುಖ. ಆ ಸುಖ ಎದುರು ಮನೆಯ ದತ್ತ ಬಾಬುಗಳ ವರಾಂಡಕ್ಕೆ ಕಾಣುತ್ತಿತ್ತು. ಒಂಟಿ ಹುಡುಗಿ ಅರ್ಧ ಪ್ಯಾಂಟಿನಲ್ಲಿ ಕೂರುತ್ತಾಳೆಂದು ಅವರು ಬೀದಿಯ ಹಿರಿಯರಲ್ಲಿ ದೂರಿದ್ದರು. ಮುಂದಿನ ತಿಂಗಳು ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿಯುವುದಿತ್ತು. ದಪ್ಪ ಪರದೆ ಬಿದ್ದರೆ ಕರಾರು ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ ಎಂದು ಘೋಷಾಲ್ ಬಾಬು ಹೇಳಿಬಿಟ್ಟಿದ್ದರು.

“ನಾಕು ಮನಿ ನೋಡಿ ಬಂದೇನ್ರಿ ಇಲ್ಲಿಗೆ,” ಎಂದರು ದಾಕ್ಷಾಯಣಿ. “ಎಲ್ಲಾ ಕಡೆ ಒಂದ ಪ್ರಶ್ನೆ, ಒಬ್ಬಾಕೀನ ಇರ್ತೀಯೇನು ಅಂತ. ಇದೊಂದು ಸಿಕ್ಕೈತಿ. ಬಿಡಾಕ ಮನಸಿಲ್ಲ.”

ಸ್ಯಾಂಪಲ್ ಪುಸ್ತಕ ಬಿಚ್ಚಿದೆ. ಅವರು ಬೆರಳಿಟ್ಟದ್ದು ತೆಳು ಕೆನೆಬಣ್ಣದ ಹತ್ತಿ ಬಟ್ಟೆಗೆ. ಹೊರಗಿನವರಿಗೆ ಒಳಗಿನದು ಮಸುಕಾಗಿ ಕಾಣುವ, ಗಾಳಿ ಧಾರಾಳವಾಗಿ ಬರುವಂಥದ್ದು. ಘೋಷಾಲ್ ಬಾಬು ಬೆರಳಿಟ್ಟದ್ದು ಚಿನ್ನದ ಎಲೆಗಳಿದ್ದ ಮೆರೂನ್ ಬಣ್ಣಕ್ಕೆ, ಹಿಂದೆ ಬ್ಲ್ಯಾಕೌಟ್ ಲೈನಿಂಗ್. ಬ್ಲ್ಯಾಕೌಟ್ ಎಂದರೆ ರಬ್ಬರು ಬಳಿದ ಬೂದು ಅಸ್ತರು. ಬೆಳಕೂ ಹಾಯದು, ಗಾಳಿಯೂ ಹಾಯದು. ಎರಡು ರಾಡು ಹಾಕಿ ಎರಡನ್ನೂ ಬಿಡೋಣ, ಬೇಕಾದಾಗ ಬೇಕಾದ್ದು ಎಳೆದುಕೊಳ್ಳಲಿ ಎಂದೆ. ಘೋಷಾಲ್ ಬಾಬು ಆಗದು ಎಂದರು. ಆಮೇಲೆ ಹಣೆ ಒರೆಸಿಕೊಂಡು, ಎಲೆಗಳು ಬೀದಿಯ ಕಡೆಗೆ ಇರಲಿ ಎಂದರು.

“ದಾದಾ, ಹಾಗೆ ಹಾಕುವುದಿಲ್ಲ. ಇರುವವರಿಗೆ ಅಸ್ತರು ಕಾಣುತ್ತದೆ.”

“ನೋಡು ಭಾಯ್,” ಎಂದರು ಅವರು ಮೃದುವಾಗಿ, “ಇವಳು ನೋಡುವುದು ಹನ್ನೊಂದು ತಿಂಗಳು. ಬೀದಿ ನೋಡುವುದು ಜೀವಮಾನವಿಡೀ. ದುಡ್ಡು ಕೊಡುವವನು ನಾನು. ಅಲ್ಲವೇ ಮಾ?”

ಇಲ್ಲಿ ಹಿರಿಯರು ಹುಡುಗಿಯರನ್ನು ‘ಮಾ’ ಎಂದು ಕರೆಯುತ್ತಾರೆ. ತಾಯಿ ಎಂದು ಕರೆದ ಮೇಲೆ ಏನನ್ನು ಬೇಕಾದರೂ ಕೇಳಬಹುದು.

ಘೋಷಾಲ್ ಬಾಬು ಕೆಳಗಿಳಿದ ಮೇಲೆ ಅವರದೇ ಧ್ವನಿಯಲ್ಲಿ, ಪಂಚೆಯ ಅಂಚು ಹಿಡಿದಂತೆ ನಟಿಸುತ್ತ “ಫ್ಯಾನಿನ ಗಾಳಿಯೂ ಬೀದಿಗೇ ತಿರುಗಿರಲಿ ಮಾ, ಕರೆಂಟ್ ಬಿಲ್ಲು ಮಾತ್ರ ಒಳಗೆ” ಎಂದೆ. ದಾಕ್ಷಾಯಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತರೂ ಕಣ್ಣು ಒರೆಸುತ್ತಲೇ ಇದ್ದರು.

“ಹಾಕ್ರಿ. ಗ್ವಾಡಿ ನೋಡಿದಂಗ ನೋಡ್ಕೋತ ಕೂಡ್ತೇನಿ. ಮನಿ ಉಳದ್ರ ಸಾಕು.”

ಆರ್ಡರ್ ನೋಡಿ ನಮ್ಮ ದರ್ಜಿ ಫೋನ್ ಮಾಡಿದ: “ಮುಖ ಹೊರಗೆ ಅಂತ ಬರೆದಿದ್ದೀಯ, ಕುಡಿದಿದ್ದೀಯೇನೋ?” ಇಲ್ಲವೆಂದೆ. ಕುಡಿಯಬೇಕೆನಿಸಿದೆ ಎಂದೂ ಹೇಳಿದೆ. ಪರದೆ ಹಾಕಿದ ಮಧ್ಯಾಹ್ನ ಬೀದಿಗಿಳಿದು ನೋಡಿದರೆ ಮನೆಗೆ ಮದುವೆಯ ಕಳೆ. ದತ್ತ ಬಾಬುಗಳು ವರಾಂಡದಿಂದಲೇ ತಲೆದೂಗಿದರು. ಮೇಲೆ ಕೋಣೆಯಲ್ಲಿ ಹಾಡುಹಗಲೇ ಟ್ಯೂಬ್‌ಲೈಟು ಉರಿಯುತ್ತಿತ್ತು. ಬೂದು ರಬ್ಬರಿನ ವಾಸನೆ. ಗೋಣಿಚೀಲದೊಳಗೆ ಕೂತಷ್ಟು ಸೆಕೆ.

ಎರಡು ವಾರವೂ ಕಳೆದಿರಲಿಲ್ಲ, ಘೋಷಾಲ್ ಬಾಬು ಮತ್ತೆ ಕರೆದರು. ಹೊಲಿಗೆ ಬಿಟ್ಟಿರಬೇಕೆಂದು ಸೂಜಿದಾರ ತೆಗೆದುಕೊಂಡು ಹೋದೆ. ಬಿಟ್ಟಿದ್ದು ಹೊಲಿಗೆಯಲ್ಲ. ದತ್ತ ಬಾಬುಗಳು ಹೊಸ ದೂರು ತಂದಿದ್ದರು: “ಮೊದಲಾದರೆ ಕಾಣುತ್ತಿತ್ತು, ಹುಡುಗಿ ಒಬ್ಬಳೇ ಓದುತ್ತ ಕೂತಿರುತ್ತಿದ್ದಳು. ಈಗ ಇಡೀ ದಿನ ಮುಚ್ಚಿರುತ್ತದೆ. ಒಳಗೆ ಯಾರಿರುತ್ತಾರೋ ಯಾರು ಬಲ್ಲರು?”

ಘೋಷಾಲ್ ಬಾಬು ಕೆಟ್ಟವರಲ್ಲ. ನನಗೆ ನಿಂಬೆ ಶರಬತ್ತು ಕೊಟ್ಟು ಕೇಳಿದರು: “ಭಾಯ್, ನಡುವಿನದು ಏನಾದರೂ ಸಿಗುತ್ತದೆಯೇ? ಅವಳು ಕಾಣಬಾರದು. ಆದರೆ ಒಬ್ಬಳೇ ಇದ್ದಾಳೆ ಎಂದು ಕಾಣಬೇಕು.”

ನಾಲ್ಕು ವರ್ಷದ ಸರ್ವಿಸಿನಲ್ಲಿ ಅಂಥ ಬಟ್ಟೆಯ ಹೆಸರು ನಾನು ಕೇಳಿರಲಿಲ್ಲ. ಬಾಯಿ ತೆರೆದರೆ ಅವರ ಧ್ವನಿಯೇ ಹೊರಬಿದ್ದೀತೆಂದು ಶರಬತ್ತು ಕುಡಿಯುತ್ತ ನಿಂತೆ. ಆಫೀಸಿನಿಂದ ಆಗಷ್ಟೇ ಬಂದು ಮೆಟ್ಟಿಲ ಬಳಿ ನಿಂತಿದ್ದ ದಾಕ್ಷಾಯಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಘೋಷಾಲ್ ಬಾಬುವಿಗೆ ಹಿಂದಿಯಲ್ಲಿ ಹೇಳಿದರು: “ನಾನು ಎಷ್ಟು ಕಾಣಬೇಕು ಅಂತ ಇಂಚಿನಲ್ಲಿ ಹೇಳಿಬಿಡಿ ಅಂಕಲ್. ಇವರು ಹೊಲಿದುಕೊಡುತ್ತಾರೆ.”

ಅಂಕಲ್ ಇಂಚು ಹೇಳಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. “ಇಷ್ಟು ಜೋರು ಮಾತಾಡುವವರು ಈ ಬೀದಿಗೆ ಹೊಂದುವುದಿಲ್ಲ ಮಾ.” ಕರಾರು ಅಲ್ಲಿಗೆ ಮುಗಿಯಿತು.

ಮೇ ತಿಂಗಳಲ್ಲಿ ದಾಕ್ಷಾಯಣಿ ಹೊರಟರು. ತಾವೇ ದುಡ್ಡು ಕೊಟ್ಟು ತಂದಿದ್ದ ಪುಸ್ತಕದ ಕಪಾಟನ್ನು ಕಳಚಲು ಸ್ಕ್ರೂಡ್ರೈವರ್ ಬೇಕಿತ್ತು. ನನಗೆ ಫೋನ್ ಮಾಡಿದ್ದರು. ಮುಂದಿನ ಮನೆ ಸಿಕ್ಕಿರಲಿಲ್ಲ; ಸಹೋದ್ಯೋಗಿಯೊಬ್ಬಳ ಹಾಲ್‌ನಲ್ಲಿ ಸದ್ಯಕ್ಕೆ ಒಂದು ಹಾಸಿಗೆ. ಕೆಲಸ ಮುಗಿದ ಮೇಲೆ ಕೇಳಿದರು: “ಎಲ್ಲಾರ್ನೂ ಮಾಡಿ ತೋರಿಸ್ತೀರಿ. ನನ್ನೊಮ್ಮೆ ಮಾಡ್ರಿ, ನೋಡೋಣ.”

ಅವರಂತೆಯೇ ಕತ್ತು ವಾರೆ ಮಾಡಿ, ಚಹಾ ಲೋಟ ಹಿಡಿದಂತೆ ಕೈ ಮಾಡಿ ಹೇಳಿದೆ: “ತೆಳುದು ಹಾಕ್ರಿ. ಒಂಚೂರು ಗಾಳಿ ಬರ್ಲಿ. ಅಷ್ಟ.”

ಅವರು ನಗಲಿಲ್ಲ. “ಅಷ್ಟ ಏನ್ರಿ ನಾ ಕೇಳಿದ್ದು?” ಎಂದರು, ಯಾರನ್ನೋ ಕೇಳುವಂತೆ. ಪೆಟ್ಟಿಗೆ ಎತ್ತಿಕೊಂಡು ಇಳಿದುಹೋದರು. ಅಂದಿನಿಂದ ಆ ಧ್ವನಿಯನ್ನು ನಾನು ಯಾರಿಗೂ ಮಾಡಿ ತೋರಿಸಿಲ್ಲ.

ಜೂನ್‌ನಲ್ಲಿ ಮೂರನೇ ಕರೆ. ಬ್ಯಾಂಕಿನಲ್ಲಿರುವ ಹುಡುಗನೊಬ್ಬ ಬಾಡಿಗೆಗೆ ಬಂದಿದ್ದ. ಅವನಿಗೆ ಗಾಳಿ ಬೇಕಂತೆ, ಪರದೆ ಬಿಚ್ಚಬೇಕಂತೆ. “ಗಂಡು ಹುಡುಗ, ಅವನಿಗ್ಯಾಕೆ ಪರದೆ?” ಎಂದರು ಘೋಷಾಲ್ ಬಾಬು. ನಾನು ಬಿಚ್ಚುತ್ತಿದ್ದಾಗ ಅವನು ನನ್ನದೇ ಸಮವಸ್ತ್ರದಲ್ಲಿ, ಎಂದರೆ ಬನಿಯನ್ನಿನಲ್ಲಿ, ಕಿಟಕಿಗೆ ಒರಗಿ ನಿಂತಿದ್ದ. ಎದುರು ವರಾಂಡದಿಂದ ದತ್ತ ಬಾಬುಗಳು ಕೈಯೆತ್ತಿ ನಮಸ್ಕಾರ ಮಾಡಿದರು.

ಪರದೆಯನ್ನು ನನಗೇ ಕೊಟ್ಟುಬಿಟ್ಟರು. ಬಾರಾನಗರದ ಕೋಣೆಗೆ ಒಯ್ದು ಎರಡು ಮೊಳೆ ಹೊಡೆದು ನೇತುಹಾಕಿದೆ, ಎಲೆಗಳು ಒಳಗೆ. ನನ್ನ ಗಿಡ್ಡ ಕಿಟಕಿಗೆ ಅದು ವಿಪರೀತ ಉದ್ದ. ಅರ್ಧ ಬಟ್ಟೆ ನೆಲದಲ್ಲಿ ಗುಡ್ಡೆ ಬಿತ್ತು. ಮರುದಿನ ಬೆಳಿಗ್ಗೆ ಹಾಲು ತರಲು ಇಳಿದಾಗ ಎದುರು ಮನೆಯ ಕಾಕಿಮಾ, ಎಂದರೆ ಬೀದಿಗೆಲ್ಲ ಚಿಕ್ಕಮ್ಮ, ಬಾಗಿಲಿಗೇ ಬಂದು ತಡೆದರು.

“ಏನಪ್ಪಾ, ಮದುವೆ ಆಯ್ತಾ? ನಮಗೊಂದು ಮಾತು ಹೇಳಲಿಲ್ಲ!”

ಬನಿಯನ್ನಿನಲ್ಲಿ ಹಲ್ಲುಜ್ಜಿದಷ್ಟೂ ಕಾಲ ಆ ಕಾಕಿಮಾ ನನ್ನ ಕಿಟಕಿಯ ಬಗ್ಗೆ ತುಟಿ ಬಿಚ್ಚಿದವರಲ್ಲ. ಪರದೆ ಬಿದ್ದದ್ದೇ ತಡ, ಒಳಗೊಬ್ಬಳು ಹೆಣ್ಣು ಇರಲೇಬೇಕೆಂದು ಲೆಕ್ಕ ಹಾಕಿಬಿಟ್ಟಿದ್ದರು. ಇಲ್ಲದ ಆ ಹೆಂಡತಿಯ ಮೇಲೆ ಮುಂದಿನ ವಾರ ಏನೇನು ದೂರು ಬರಬಹುದಿತ್ತೆಂದು ಯೋಚಿಸಿ, ಅಂದು ಸಂಜೆಯೇ ಬಿಚ್ಚಿ ಮಡಚಿಟ್ಟೆ.

ಈಗಲೂ ಅದೇ ಕಸುಬಿನಲ್ಲಿದ್ದೇನೆ. ಒಬ್ಬಂಟಿ ಹೆಣ್ಣುಮಗಳ ಮನೆಗೆ ಅಳತೆಗೆ ಹೋದರೆ ಬಿಸಿಲು, ಧೂಳು ಕೇಳುವ ಮುಂಚೆ ಕಿಟಕಿಯಾಚೆ ಬಗ್ಗಿ ನೋಡುತ್ತೇನೆ, ಎದುರು ವರಾಂಡದಲ್ಲಿ ಕುರ್ಚಿ ಇದೆಯೇ ಎಂದು. ಇದ್ದೇ ಇರುತ್ತದೆ. ಆಗ ಸ್ಯಾಂಪಲ್ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಈ ಕೆಲಸ ನನಗೆ ಕಲಿಸಿದ ಒಂದೇ ಒಂದು ಮಾತನ್ನು, ನನ್ನ ಸ್ವಂತ ಧ್ವನಿಯಲ್ಲೇ ಹೇಳುತ್ತೇನೆ: “ನಿಮಗೆ ಇಷ್ಟವಾದದ್ದನ್ನೇ ಆರಿಸಿಕೊಳ್ಳಿ ಮೇಡಂ. ದೂರು ಹೇಗಿದ್ದರೂ ಬರುತ್ತದೆ.”